ಬಾವಿಯ ನೀರಿನಲ್ಲಿ ಅಡಗಿದ ಅಯಾನು



ಸುರಪುರದ ನಾಯಕರ ಕಾಲದ ಕೋಟೆಯನ್ನು ನೋಡಲೆಂದು ವನದುರ್ಗಕ್ಕೆ ಹೋಗುವವರು ಶಹಾಪುರದ ಕಲ್ಲುಬೆಟ್ಟಗಳನ್ನು ಕಂಡೇ ಇರುವರು. ಆ ಸೀಮೆಯ ಕಣಶಿಲೆಯಲ್ಲಿರುವ ಕೆಲವು ಖನಿಜಗಳಲ್ಲಿ ಫ್ಲೋರಿನ್ ಎಂಬ ಧಾತುವುಂಟು. ಅದು ನೀರಿಗಿಳಿದು, ಯಾದಗಿರಿ ಜಿಲ್ಲೆಯ ಅನೇಕ ಗ್ರಾಮಗಳ ಕೊಳವೆಬಾವಿಗಳಲ್ಲಿ ಮಿತಿಮೀರಿ ಕಂಡುಬಂದಿದೆ.

ಇಲ್ಲೊಂದು ಸಂದೇಹ ಹುಟ್ಟುವುದು ಸಹಜ. 1886ರಲ್ಲಿ ಮ್ವಾಸಾನ್ ಪಂಡಿತನು ಬೇರ್ಪಡಿಸಿದ ಫ್ಲೋರಿನ್ನು ಮುಟ್ಟಿದ್ದನ್ನೆಲ್ಲ ಸುಡುವ ಘೋರವಾದ ಅನಿಲ. ಅಂಥದು ಕುಡಿಯುವ ನೀರಿನಲ್ಲಿ ಸದ್ದಿಲ್ಲದೆ ಇರುವುದೆಂತು?

ನೀರಿನಲ್ಲಿರುವುದು ಫ್ಲೋರಿನ್ನಿನ ಪರಮಾಣುವಲ್ಲ, ಅದರ ಅಯಾನು. ಆ ಪರಮಾಣುವಿಗೆ 9 ಎಲೆಕ್ಟ್ರಾನುಗಳು: ಒಳಪದರದಲ್ಲಿ 2, ಹೊರಪದರದಲ್ಲಿ 7. ಅಲ್ಲಿ ಇನ್ನೊಂದಕ್ಕೆ ಎಡೆಯುಂಟು. ಸುಣ್ಣದ ಧಾತುವಾದ ಕ್ಯಾಲ್ಸಿಯಮ್ಮಿನ ಹೊರಪದರದಲ್ಲಿರುವುದು ಎರಡೇ. ಇವು ಕೂಡುವಾಗ ಕ್ಯಾಲ್ಸಿಯಂ ಆ ಎರಡನ್ನೂ ಬಿಟ್ಟು ಧನ ಅಯಾನಾಗುವುದು. ಎರಡು ಫ್ಲೋರಿನ್ ಪರಮಾಣುಗಳು ಒಂದೊಂದನ್ನು ಪಡೆದು ಋಣ ಅಯಾನುಗಳಾಗುವುವು.

ಪರಮಾಣುವಿಗೆ ಎಂಟರ ಆಸೆಯೆಂದು ತರಗತಿಯಲ್ಲಿ ನಾವು ಹೇಳುವುದುಂಟು, ನಾನೂ ಹೇಳಿದ್ದೇನೆ. ಆದರೆ ಜಡವಸ್ತುವಿಗೆ ಆಸೆಯೆಲ್ಲಿಯದು? ಎಲೆಕ್ಟ್ರಾನನ್ನು ಕೀಳಲು ಶಕ್ತಿ ವ್ಯಯವಾಗಲೇಬೇಕು. ಲೆಕ್ಕಕ್ಕೆ ಸುಲಭವಾದ ಸೋಡಿಯಮ್ಮನ್ನು ತೆಗೆದುಕೊಳ್ಳೋಣ. ಅನಿಲರೂಪದ 23 ಗ್ರಾಂ ಸೋಡಿಯಮ್ಮಿನ ಪ್ರತಿ ಪರಮಾಣುವಿನಿಂದ ಒಂದೊಂದು ಎಲೆಕ್ಟ್ರಾನನ್ನು ಕಿತ್ತರೆ 496 ಕಿಲೋಜೂಲು ಖರ್ಚು; ಅವನ್ನು ಫ್ಲೋರಿನ್ ಪರಮಾಣುಗಳಿಗೆ ಕೊಟ್ಟರೆ ಹಿಂದಿರುಗುವುದು 328 ಮಾತ್ರ. ವ್ಯಾಪಾರವು ನಷ್ಟದ್ದೇ ಸರಿ. ಧನ ಋಣ ಅಯಾನುಗಳು ಒಂದನ್ನೊಂದು ಸೆಳೆದು ಹರಳುಗಟ್ಟುವಾಗ 900ಕ್ಕೂ ಮಿಕ್ಕ ಕಿಲೋಜೂಲು ಹೊರಬೀಳುವುದರಿಂದ ಆ ನಷ್ಟವು ತುಂಬಿ, ಬಂಧವು ನಿಲ್ಲುವುದು.

ಹೀಗೆ ಒಂದೇ ಒಂದು ಎಲೆಕ್ಟ್ರಾನು ಹೆಚ್ಚಿದ ಮಾತ್ರಕ್ಕೆ ಆ ಉಗ್ರವಾದ ಧಾತುವು ಶಾಂತವಾಗುವುದು. ನೀರಿನಲ್ಲಿ ಕರಗಿದ ಫ್ಲೋರೈಡ್ ಅಯಾನಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾವಿಯ ನೀರಿನಲ್ಲಿರುವಷ್ಟು ಪ್ರಮಾಣದಲ್ಲಿ ನಾಲಗೆಗೂ ತಿಳಿಯದು.

ಹಲ್ಲಿನ ಹೊರಕವಚದಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್ ಅಯಾನುಗಳೊಡನೆ ಹೈಡ್ರಾಕ್ಸಿಲ್ ಎಂಬ ಋಣ ಅಯಾನುಗಳೂ ಇವೆ. ಫ್ಲೋರೈಡಿನ ವಿದ್ಯುತ್ತೂ ಅಷ್ಟೇ, ಗಾತ್ರವೂ ಹೆಚ್ಚುಕಡಿಮೆ ಅಷ್ಟೇ. ಆದಕಾರಣ ಅದು ಹೈಡ್ರಾಕ್ಸಿಲಿನ ಸ್ಥಾನದಲ್ಲಿ ಕೂಡಬಲ್ಲುದು. ಅಲ್ಪವಾಗಿ ಸೇರಿದರೆ ಹಲ್ಲು ಗಟ್ಟಿ. ಮಿತಿಮೀರಿದರೆ ಹಲ್ಲು ಮೂಡುತ್ತಿರುವ ಎಳೆಯ ಮಕ್ಕಳಿಗೆ ಕಂದುಕಲೆಗಳು. ಬಹುಕಾಲ ಕುಡಿದವರಿಗೆ ಮೂಳೆಕೀಲುಗಳ ಬಿಗಿತ. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಮೇಲು. ಬೇರೆ ನೀರು ದೊರೆಯದಿದ್ದಲ್ಲಿ 1.5ರವರೆಗೆ ಸಮ್ಮತ.

ನೀರನ್ನು ಕಾಯಿಸಿಯೇ ಕುಡಿಯುತ್ತೇವೆಂದು ನಿಶ್ಚಿಂತರಾಗಿರುವ ಗೃಹಸ್ಥರು ಅನೇಕರು. ಕಾಯಿಸಿದರೆ ಕ್ರಿಮಿಗಳು ಸಾಯುವುವು. ಅಯಾನು ಸಾಯುವ ವಸ್ತುವಲ್ಲ. ನೀರು ಆವಿಯಾಗಿ ಹೋಗಿ, ಉಳಿದ ನೀರಿನಲ್ಲಿ ಅದು ಇನ್ನಷ್ಟು ಸಾಂದ್ರವಾಗುವುದು. ಅದನ್ನು ಹಿಡಿಯಲು ಸಂಸ್ಕರಿಸಿದ ಅಲ್ಯುಮಿನದಂತಹ ಶೋಧಕಗಳು ಬೇಕು. ಇಲ್ಲವೇ ಕಲ್ಲನ್ನು ಸೋಕದೆ ಬಿದ್ದ ಮಳೆನೀರನ್ನು ಶುಚಿಯಾದ ತೊಟ್ಟಿಯಲ್ಲಿ ಶೇಖರಿಸಿಕೊಳ್ಳಬೇಕು.