ಸೂಜಿ ಹಾಕಿದ ಮರುದಿನ

ಗುರುವಾರ ಲಸಿಕೆಯ ದಿನ. ನಾಲ್ಕು ಐಸ್ ಪ್ಯಾಕ್ ಜೋಡಿಸಿದ ಡಬ್ಬಿಯನ್ನು ಹೆಗಲಿಗೇರಿಸಿ ಸಿಸ್ಟರ್ ಹಳ್ಳಿಗೆ ಹೊರಡುತ್ತಾರೆ. ಹುನಗುಂದದ ಎರಿ ಹೊಲಗಳ ನಡುವಿನ ಊರಿರಲಿ, ಬಾದಾಮಿಯ ಗುಡ್ಡದ ಬುಡದ ಊರಿರಲಿ, ಸುಮಾರು 5,000 ಜನಕ್ಕೆ ಒಂದು ಆರೋಗ್ಯ ಉಪಕೇಂದ್ರ ಎಂಬುದು ಸರ್ಕಾರದ ಲೆಕ್ಕ.

ಬಾಗಲಕೋಟೆಯಲ್ಲಿ ನರ್ಸಿಂಗ್ ಓದಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಗೆ ಸೂಜಿ ಹಾಕಲು ಬರುತ್ತದೆ. ಪೇಚು ಶುರುವಾಗುವುದು ರಾತ್ರಿ. ಒಂದೂವರೆ ತಿಂಗಳ ಕೂಸಿಗೆ ಗಂಟಲಮಾರಿಯಂಥ ರೋಗ ತಡೆಯುವ ಪೆಂಟಾವೇಲೆಂಟ್ ಲಸಿಕೆ ಹಾಕಿದರೆ ಮೈ ಬಿಸಿಯಾಗುವುದು, ತೊಡೆ ಬಾಯುವುದು ಸಹಜ. "ಚಲೋ ಇದ್ದ ಕೂಸಿಗೆ ಜ್ವರ ತರಿಸಿ ಹೋದ್ಲು" ಎಂದು ಅಜ್ಜಿ ಗೊಣಗಿದರೆ, ಮುಂದಿನ ತಿಂಗಳು ಆ ಮನೆಯ ಬಾಗಿಲು ಮುಚ್ಚಿತೆಂದೇ ತಿಳಿಯಿರಿ. ಬಾರದೆ ಹೋದ ಗಂಟಲಮಾರಿ ಯಾರಿಗೂ ಕಾಣುವುದಿಲ್ಲ, ಬಂದ ಜ್ವರ ಇಡೀ ಓಣಿಗೆ ಕಾಣುತ್ತದೆ. ಪೋಲಿಯೊ ವಿಷಯದಲ್ಲೂ ಹೀಗೇ. ದೇಶದಲ್ಲಿ ನೈಸರ್ಗಿಕ ಪೋಲಿಯೊ ವೈರಸ್ಸಿನ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. ಆಮೇಲೆ ತಾಯಂದಿರಾದವರು ಆ ರೋಗಕ್ಕೆ ಅಂಜುವುದಾದರೂ ಏಕೆ?

ನುರಿತ ಸಿಸ್ಟರ್ ಸೂಜಿಗೆ ಮೊದಲೇ ಹೇಳುತ್ತಾರೆ: "ತಂಗೀ, ಇವತ್ತ ರಾತ್ರಿ ಕೂಸಿನ ಮೈ ಕಾಯತೈತಿ, ಅಂಜಬ್ಯಾಡ. ಈ ಔಷಧ ಇಷ್ಟ ಕುಡಸು. ಸೂಜಿ ಹಾಕಿದಲ್ಲಿ ಏನೂ ಹಚ್ಚಬ್ಯಾಡ." ಮರುದಿನ ಹೋಗಿ ಕೂಸಿನ ಹಣೆ ಮುಟ್ಟಿ ನೋಡುತ್ತಾರೆ. ನನ್ನ ಪ್ರಕಾರ ಈ ಎರಡನೆಯ ಭೇಟಿಯಲ್ಲೇ ಅವರು ಆ ಮನೆಯವರಾಗುತ್ತಾರೆ. ಅಜ್ಜಿಯ ಗೊಣಗಾಟ ಅಷ್ಟಕ್ಕೇ ನಿಲ್ಲುತ್ತದೆ ಎಂದಲ್ಲ, ಆದರೆ ಚಹಾ ಬರುತ್ತದೆ.

ಇಳಕಲ್ಲಿನ ನೇಕಾರರ ಮನೆಯಲ್ಲಿ ಆ ಚಹಾದ್ದೇ ತಕರಾರು. ಗರ್ಭಿಣಿ ಮಗ್ಗದ ಮಗ್ಗುಲಲ್ಲಿ ಕೂತು ಕಂಡಿಕೆ ಸುತ್ತುತ್ತಿರುತ್ತಾಳೆ. ಅವಳಿಗೆ ದಿನಕ್ಕೊಂದು ಕಬ್ಬಿಣಾಂಶದ ಗುಳಿಗೆ, 180 ದಿನ. ಚಹಾದ ಜೊತೆ ನುಂಗಿದರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಚಹಾ ಬಿಡು ಎಂದು ಹೇಳಿ ನಮ್ಮ ಕಡೆ ಗೆದ್ದವರುಂಟೇ? ರಾತ್ರಿ ಊಟವಾದ ಮೇಲೆ ಗುಳಿಗೆ ಎಂದು ಹೊತ್ತು ಬದಲಿಸಿದರಾಯಿತು. ಮಲ ಕಪ್ಪಗಾಗುತ್ತದೆ ಎಂಬುದನ್ನೂ ಆಗಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಅಂಜಿ ಗುಳಿಗೆಯನ್ನೇ ಬಿಟ್ಟುಬಿಡುತ್ತಾರೆ.

ಇನ್ನು ಕೂಸಿನ ಸೂಜಿಗೆ ಬಂದರೆ, ಪೆಂಟಾವೇಲೆಂಟ್ ಹಾಕುವುದು 6, 10, 14ನೇ ವಾರಗಳಲ್ಲಿ. ಈ ನಡುವೆಯೇ ಎಷ್ಟೋ ಕುಟುಂಬಗಳು ದುಡಿಯಲು ಮಂಗಳೂರಿಗೋ ಗೋವಾಕ್ಕೋ ಹೊರಟುಬಿಡುತ್ತವೆ. ಬುತ್ತಿ ಕಟ್ಟುವ ಹೊತ್ತಿಗೆ ಸಿಸ್ಟರ್ ಬಾಗಿಲಿಗೆ ಬಂದು "ತಾಯಿ ಕಾರ್ಡ್ ಗಂಟಿನ್ಯಾಗ ಇಟ್ಕೊಂಡೀಯಿಲ್ಲೋ?" ಎಂದು ಕೇಳಿದರೆ ಸಾಕು, ಅದರಲ್ಲಿ ಬರೆದ ಲಸಿಕೆಯ ಲೆಕ್ಕ ನೋಡಿ ಅಲ್ಲಿನ ಸಿಸ್ಟರ್ ಮುಂದಿನ ಸೂಜಿ ಹಾಕುತ್ತಾರೆ.