ವೈಡೂರ್ಯದ ಹುಟ್ಟೂರು



ಮುತ್ತು ರತ್ನ, ವಜ್ರ ವೈಡೂರ್ಯ ಎಂಬ ಮಾತುಗಳು ನಮ್ಮ ನಾಲಗೆಯ ಮೇಲೆ ಒಟ್ಟಿಗೇ ಬರುತ್ತವೆ. ಅಜ್ಜಿ ಹೇಳುವ ಕಥೆಯಲ್ಲಿ ರಾಜನ ಕಿರೀಟ ವಜ್ರವೈಡೂರ್ಯದ್ದೇ ಆಗಿರಬೇಕು. ಮುತ್ತು ಎಲ್ಲರಿಗೂ ಗೊತ್ತು. ವಜ್ರವನ್ನು ಕಂಡವರೂ ಉಂಟು. ಆದರೆ ವೈಡೂರ್ಯವೆಂದರೆ ಯಾವ ಕಲ್ಲು? ದಿನವೂ ಆಡುವ ಮಾತಿನ ಅರ್ಥವನ್ನೇ ನಾವು ಕೇಳಿಕೊಂಡಿರುವುದಿಲ್ಲ. ಇಂದು ಆ ಒಂದು ಕಲ್ಲನ್ನೇ ಹಿಡಿದು ವಿಚಾರ ಮಾಡೋಣ.

ಇಂದು ಚಿನಿವಾರರ ಅಂಗಡಿಗೆ ಹೋಗಿ ಕೇಳಿದರೆ ಬೆಕ್ಕಿನ ಕಣ್ಣಿನಂತಹ ಕಲ್ಲನ್ನು ತೋರಿಸುತ್ತಾರೆ. ನಡುವೆ ಬೆಳಕಿನ ಒಂದು ಗೆರೆ ಓಡಾಡುತ್ತದೆ. ಅದರಾಚೆ ಏನೂ ಕಾಣುವುದಿಲ್ಲ. ನವರತ್ನಗಳಲ್ಲಿ ಕೇತುಗ್ರಹಕ್ಕೆ ಹೇಳಿದ ವೈಡೂರ್ಯ ಇದೇ ಎನ್ನುತ್ತಾರೆ. ಆದರೆ ಪ್ರಾಚೀನ ಗ್ರಂಥಗಳು ಹೇಳುವುದು ಬೇರೆ. ಬೌದ್ಧರ ಪಾಲಿ ಭಾಷೆಯಲ್ಲಿ ಈ ಕಲ್ಲಿಗೆ 'ವೇಳುರಿಯ' ಎಂದು ಹೆಸರು. ಸಾಮಞ್ಞಫಲ ಸುತ್ತದಲ್ಲಿ ಇದರದೊಂದು ದೃಷ್ಟಾಂತ ಬರುತ್ತದೆ. ಎಂಟು ಮೂಲೆಗಳಾಗಿ ಚೆನ್ನಾಗಿ ಸಾಣೆ ಹಿಡಿದ, ತಿಳಿಯಾದ ವೇಳುರಿಯ. ಅದರೊಳಗೆ ಬಣ್ಣದ ದಾರ ಪೋಣಿಸಿದೆ. ಕಣ್ಣುಳ್ಳವನು ಅಂಗೈಯಲ್ಲಿಟ್ಟು ನೋಡಿದರೆ, ಇದು ಮಣಿ, ಇದು ದಾರ ಎಂದು ಬೇರೆ ಬೇರೆಯಾಗಿ ಕಾಣುತ್ತದೆ. ಬೆಕ್ಕಿನ ಕಣ್ಣಿನ ಕಲ್ಲಿನಲ್ಲಿ ದಾರ ಹೀಗೆ ಕಾಣುವುದುಂಟೆ? ಇಲ್ಲ. ಆದ್ದರಿಂದ ಹಳೆಯ ವೈಡೂರ್ಯ ಬೇರೆಯೇ ಒಂದು ತಿಳಿಗಲ್ಲಾಗಿರಬೇಕು.

ಅದು ಯಾವುದೆಂಬುದಕ್ಕೆ ಹೆಸರೇ ಸಾಕ್ಷಿ ಹೇಳುತ್ತದೆ. ನಮ್ಮ ನಾಡಿನ ಈ ಹೆಸರು ಕಲ್ಲಿನೊಡನೆ ಹಡಗು ಹತ್ತಿ ಗ್ರೀಕರಲ್ಲಿಗೆ ಹೋಗಿ 'ಬೇರಿಲ್ಲೋಸ್' ಆಯಿತು. ಇಂದಿನ ವಿಜ್ಞಾನಿಗಳು ಹೇಳುವ ಬೆರಿಲ್ ಅದೇ. ಪಚ್ಚೆಯೂ ಇದೇ ಜಾತಿಯ ಕಲ್ಲು. ಜರ್ಮನ್ ಭಾಷೆಯಲ್ಲಿ ಕನ್ನಡಕಕ್ಕೆ 'ಬ್ರಿಲ್ಲೆ' ಎನ್ನುತ್ತಾರೆ. ಅದೂ ಈ ಕಲ್ಲಿನ ಹೆಸರಿನಿಂದಲೇ ಬಂದ ಮಾತು. ಬೆರಿಲ್ ಭಾರತದಲ್ಲಿ ಸಿಗುತ್ತದೆ, ಬೇರೆ ಕಡೆ ಅಪರೂಪ ಎಂದು 1ನೆಯ ಶತಮಾನದಲ್ಲಿ ರೋಮಿನ ಪ್ಲಿನಿ ಬರೆದನು. 2ನೆಯ ಶತಮಾನದ ಟಾಲೆಮಿ ಬೆರಿಲ್ ಸಿಗುವ ಒಂದು ಊರಿನ ಹೆಸರನ್ನೇ ಹೇಳುತ್ತಾನೆ; ಅದು 'ಪೌನ್ನಾಟ'. ಕಪಿಲಾ ನದಿಯ ಸೀಮೆಯಲ್ಲಿದ್ದ ನಮ್ಮ ಪುನ್ನಾಟವೇ ಅದು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಆಚೆ ಕೊಂಗುನಾಡಿನ ಪಡಿಯೂರಿನಲ್ಲಿಯೂ ಬೆರಿಲ್ ಗಣಿ ಇತ್ತು. ಅಂದರೆ ಲೋಕವೆಲ್ಲ ಬಯಸಿದ ಕಲ್ಲು ನಮ್ಮ ಹಿತ್ತಿಲ ಮಣ್ಣಿನಲ್ಲಿತ್ತು!

ಇಷ್ಟು ಕಲ್ಲಿನ ಗುರುತಾಯಿತು. ಇನ್ನು ಹೆಸರಿನ ಅರ್ಥವನ್ನು ನೋಡೋಣ. ಇದರಲ್ಲಿಯೇ ನಮಗೆ ಬೇಕಾದ ತಿರುಳಿದೆ.

ವ್ಯಾಕರಣದ ಪಾಣಿನಿಯು 'ವಿದೂರ'ದಿಂದ ಬಂದದ್ದು ವೈದೂರ್ಯ ಎಂದು ಒಂದು ಸೂತ್ರವನ್ನೇ ಮಾಡಿದನು. ಮುಂದೆ ಕ್ರಿ. ಪೂ. 2ನೆಯ ಶತಮಾನದಲ್ಲಿ ಮಹಾಭಾಷ್ಯ ಬರೆದ ಪತಂಜಲಿ ಇದಕ್ಕೆ ಒಂದು ಆಕ್ಷೇಪ ಎತ್ತುತ್ತಾನೆ. ಈ ಕಲ್ಲು ವಿದೂರದಲ್ಲಿ ಹುಟ್ಟುವುದೇ ಇಲ್ಲವಲ್ಲ! ಹುಟ್ಟುವುದು ವಾಲವಾಯದಲ್ಲಿ. ವಿದೂರದಲ್ಲಿ ನಡೆಯುವುದು ಅದರ ಸಂಸ್ಕಾರ ಮಾತ್ರ. ಹಾಗಿದ್ದರೆ ಹೆಸರು ವಿದೂರದ್ದು ಹೇಗಾಯಿತು? ವ್ಯಾಪಾರಿಗಳು ಕಾಶಿಯನ್ನು ತಮ್ಮೊಳಗೆ 'ಜಿತ್ವರೀ' ಎಂದು ಕರೆಯುವಂತೆ, ವೈಯಾಕರಣರು ವಾಲವಾಯವನ್ನೇ ವಿದೂರ ಎಂದು ಕರೆದಿರಬಹುದು ಎಂದು ಒಂದು ಸಮಾಧಾನವನ್ನೂ ಅವನೇ ಹೇಳುತ್ತಾನೆ. ಸೂತ್ರಕ್ಕೆ ಆ ಸಮಾಧಾನ ಸಾಕು. ಆದರೆ ನಮಗೆ ಅವನ ಆಕ್ಷೇಪವೇ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ.

ನೋಡಿ, ಕಲ್ಲು ಹುಟ್ಟಿದ್ದು ಒಂದು ಕಡೆ. ಅದಕ್ಕೆ ಸಾಣೆ ಹಿಡಿದದ್ದು ಇನ್ನೊಂದು ಕಡೆ. ಲೋಕ ಅದನ್ನು ಹುಟ್ಟಿದ ಊರಿನಿಂದ ಕರೆಯಲಿಲ್ಲ. ಸಾಣೆ ಹಿಡಿದ ಊರಿನಿಂದ ಕರೆಯಿತು! ಪ್ಲಿನಿಯ ಮಾತೂ ಇದಕ್ಕೆ ಕೂಡುತ್ತದೆ. ಈ ಕಲ್ಲಿನ ಬಣ್ಣ ತಾನಾಗಿ ಮಂಕು. ಕುಶಲಿಗಳು ಮುಖ ಕೊರೆದು ಬೆಳಕು ಹೊರಳುವಂತೆ ಮಾಡಿದಾಗಲೇ ಅದಕ್ಕೆ ಕಳೆ ಬರುತ್ತದೆ ಎನ್ನುತ್ತಾನೆ. ಹುಟ್ಟು ಕೊಟ್ಟದ್ದು ಬರಿಯ ಕಲ್ಲು, ಸಂಸ್ಕಾರ ಕೊಟ್ಟದ್ದು ರತ್ನ.

ಹೀಗಿರುವಾಗ ಮನುಷ್ಯನನ್ನು ಕಂಡೊಡನೆ ನಾವು ಕೇಳುವ ಮೊದಲ ಪ್ರಶ್ನೆ ಯಾವುದು? ಯಾವ ಕುಲ, ಯಾರ ಮಗ ಎಂದಲ್ಲವೆ? ಶರಣರು ಹುಟ್ಟಿನ ಕುಲವನ್ನು ಕೇಳಲಿಲ್ಲ, ಆಚಾರವನ್ನು ನೋಡಿದರು. ದೀಕ್ಷೆಯೆಂಬ ಸಂಸ್ಕಾರದಿಂದ ಮನುಷ್ಯ ಹೊಸದಾಗಿ ಹುಟ್ಟುತ್ತಾನೆಂದರು. ಲಿಂಗ ಕಟ್ಟಿಕೊಂಡ ನಾವು ಮತ್ತೆ ವಾಲವಾಯದ ಲೆಕ್ಕವನ್ನೇ ಹಿಡಿದು ಕುಳಿತರೆ ಶರಣರ ಮಕ್ಕಳೆನ್ನಿಸಿಕೊಳ್ಳುವುದು ಹೇಗೆ?

ಇನ್ನೊಂದು ಮಾತು. ಮಠಕ್ಕೆ ಬರುವ ಭಕ್ತರಲ್ಲಿ ಕೆಲವರು, "ಬುದ್ಧೀ, ಕೇತುವಿನ ದೋಷವಂತೆ, ವೈಡೂರ್ಯದ ಉಂಗುರ ಮಾಡಿಸಬೇಕಂತೆ, ಸಾಲ ಮಾಡಿಯಾದರೂ ತರಲೇ?" ಎಂದು ಕೇಳುತ್ತಾರೆ. ಯಾವ ವೈಡೂರ್ಯ ತರುತ್ತೀರಿ? ಪಾಲಿ ಗ್ರಂಥದ ತಿಳಿಗಲ್ಲನ್ನೋ, ಅಂಗಡಿಯ ಬೆಕ್ಕಿನ ಕಣ್ಣನ್ನೋ? ಇದೇ ಹೆಸರು ಟಿಬೆಟ್ಟಿನಲ್ಲಿ ಕಡುನೀಲಿ ಕಲ್ಲಿಗೆ ಸಂದಿದೆ. ಚೀನಕ್ಕೆ ಹೋಗಿ 'ಲಿಯುಲಿ' ಆಗಿ ಗಾಜಿಗೂ ಸಂದಿದೆ. ಪ್ಲಿನಿಯ ಕಾಲಕ್ಕಾಗಲೇ ಸ್ಫಟಿಕಕ್ಕೆ ಬಣ್ಣ ಹಾಕಿ ಬೆರಿಲ್ ಎಂದು ಮಾರುವವರಿದ್ದರು. ಮನುಷ್ಯರಿಗೇ ಗುರುತು ಸಿಗದ ಕಲ್ಲನ್ನು ಕೇತು ಹೇಗೆ ಗುರುತಿಸಬೇಕು? ಉಂಗುರದ ಸಾಲಕ್ಕೆ ಬಡ್ಡಿ ಕಟ್ಟಲು ಮಗಳ ಶಾಲೆ ಬಿಡಿಸುವ ತಂದೆ, ಬೆರಳಿಗೆ ಕಲ್ಲು ಹಾಕಿಕೊಂಡು ಮನೆಯ ರತ್ನವನ್ನು ಬೀದಿಗೆ ಎಸೆದಂತಾಯಿತು. ಆ ಹಣ ಅವಳ ಪುಸ್ತಕಕ್ಕೆ ಹೋಗಲಿ. ಅದೇ ನಿಜವಾದ ಸಾಣೆ.

ಸಾಣೆ ಎಂದರೆ ತಿಕ್ಕುವುದು. ತಿಕ್ಕಿದರೆ ಕಲ್ಲು ಸವೆಯುತ್ತದೆ. ಸವೆಯಲು ಒಪ್ಪದ ಕಲ್ಲು ಹೊಳೆಯುವುದಿಲ್ಲ. ಕಾಯಕದಲ್ಲಿ ದೇಹ ಸವೆಯಬೇಕು, ದಾಸೋಹದಲ್ಲಿ ಲೋಭ ಸವೆಯಬೇಕು, ಸತ್ಸಂಗದಲ್ಲಿ ಅಹಂಕಾರ ಸವೆಯಬೇಕು. ಆಗ ಅಂತರಂಗ ತಿಳಿಯಾಗುತ್ತದೆ. ಮಣಿಯೊಳಗಿನ ದಾರದಂತೆ ಒಳಗಿರುವ ಶಿವಸೂತ್ರವು ಕಣ್ಣುಳ್ಳವರಿಗೆ ಕಾಣುತ್ತದೆ.

ನಿಮ್ಮ ಮನೆಯ ಮಕ್ಕಳಿಗೂ ನೆರೆಮನೆಯ ಮಕ್ಕಳಿಗೂ ಒಂದೇ ಸಾಣೆ ಸಿಗಲಿ. ಎಲ್ಲರೂ ತಮ್ಮ ಸಂಸ್ಕಾರದಿಂದಲೇ ಹೆಸರು ಪಡೆಯಲಿ ಎಂದು ಹಾರೈಸಿ ನಮ್ಮ ಮಾತುಗಳನ್ನು ಮುಗಿಸುತ್ತೇವೆ.