ಮಣ್ಣಿನ ಓಟಕ್ಕೆ ರಹದಾರಿ

ಮೂವತ್ತು ವರ್ಷ ಹಳಗನ್ನಡ ಪಾಠ ಹೇಳಿದವನು ಮೋಟಾರ್ ಸೈಕಲ್ ಪಂದ್ಯದ ವಿಷಯವಾಗಿ ಮಾತನಾಡಲು ಹೊರಟಿದ್ದಾನೆಂದರೆ ಕೇಳುಗರು ನಕ್ಕಾರು. ನಗಲಿ. ಇದು ನಾನಾಗಿ ಆರಿಸಿಕೊಂಡ ವಿಷಯವಲ್ಲ. ನನ್ನ ಅಕ್ಕನ ಮೊಮ್ಮಗ, ಹದಿನೈದು ತುಂಬಿದ ಹುಡುಗ, ನನ್ನನ್ನು ಎಳೆದೊಯ್ದು ಇದರೆದುರು ನಿಲ್ಲಿಸಿದ.

ಮಲೆನಾಡಿನ ಸೆರಗಿನಲ್ಲಿರುವ ನಮ್ಮ ಪಟ್ಟಣದ ಹೊರಗೆ ಒಂದು ಬಯಲಿಗೆ ಬೇಲಿ ಕಟ್ಟಿ, ತಿರುವು ದಿಬ್ಬಗಳನ್ನು ಮಾಡಿ, ಧೂಳಡಗಲೆಂದು ಟ್ಯಾಂಕರಿನಿಂದ ನೀರು ಹೊಡೆದು, ಪಂದ್ಯಕ್ಕೆ ಅಣಿಗೊಳಿಸಿದ್ದರು. ಹುಡುಗನ ಬೈಕು ಪಿಕಪ್ ಗಾಡಿಯಲ್ಲಿ ಬಂದಿತು. ಅದಕ್ಕೆ ನಂಬರ್ ಪ್ಲೇಟಿಲ್ಲ, ದೀಪವಿಲ್ಲ. ರಸ್ತೆಗೆ ಚಕ್ರ ತಾಗಿಸುವಂತಿಲ್ಲ.

"ಲೈಸೆನ್ಸೇ ಇಲ್ಲದ ನಿನ್ನನ್ನು ಹೇಗಪ್ಪ ಸೇರಿಸಿಕೊಳ್ಳುತ್ತಾರೆ?" ಎಂದೆ.

"ಇದೆ ಅಜ್ಜ" ಎಂದು ಕಾಗದವೊಂದನ್ನು ತೋರಿಸಿದ. ಅದು ಸರ್ಕಾರದ್ದಲ್ಲ, ದೇಶದ ಮೋಟಾರು ಕ್ರೀಡಾ ಒಕ್ಕೂಟ ಕೊಟ್ಟ ಸ್ಪರ್ಧಾ ಪರವಾನಗಿ.

ಹೆಸರು ಬರೆಸುವ ಮೇಜಿನ ಬಳಿ ಆಗಲೇ ಒಂದು ಜಗಳ ನಡೆದಿತ್ತು. ಇಪ್ಪತ್ತೆರಡರ ತರುಣನೊಬ್ಬ ತನ್ನ ಚಾಲನಾ ಪರವಾನಗಿಯನ್ನು ಮೇಜಿಗೆ ಬಡಿದು, "ನಾಲ್ಕು ವರ್ಷದಿಂದ ಘಾಟಿಯಲ್ಲಿ ಓಡಿಸ್ತಿದ್ದೀನಿ ಸ್ವಾಮಿ" ಎನ್ನುತ್ತಿದ್ದ. ಸ್ಪರ್ಧಾ ಪರವಾನಗಿ ಇಲ್ಲವೆಂದು ಅವನನ್ನು ಹಿಂದಕ್ಕೆ ಕಳುಹಿಸಿದರು. ಮೀಸೆ ಮೂಡದ ನಮ್ಮವನು ಅರ್ಹ, ಇವನು ಅನರ್ಹ! ಇದೆಂಥ ನ್ಯಾಯವೆಂದು ನನಗೆ ಕಸಿವಿಸಿಯಾಯಿತು.

ಮನೆಗೆ ಬಂದ ಮೇಲೆ ಕಾನೂನನ್ನು ತೆರೆದು ನೋಡಿದೆ. 1988ರ ಮೋಟಾರು ವಾಹನ ಕಾಯಿದೆ ಹೇಳುವುದು ಸಾರ್ವಜನಿಕ ಸ್ಥಳದಲ್ಲಿ, ಎಂದರೆ ಸಾರ್ವಜನಿಕರಿಗೆ ಪ್ರವೇಶದ ಹಕ್ಕಿರುವ ಜಾಗದಲ್ಲಿ, ವಾಹನ ನಡೆಸುವುದನ್ನು ಕುರಿತು. ಅಲ್ಲಿ 18 ತುಂಬಿರಬೇಕು, 50 ಸಿ.ಸಿ. ಮೀರದ ಎಂಜಿನ್ನಿನ ಬೈಕಿಗೆ ಮಾತ್ರ 16 ಸಾಕು. ನಮ್ಮ ಹಳೆಯ ಮಾತು 'ರಹದಾರಿ' ಇದನ್ನು ಎಷ್ಟು ಸೊಗಸಾಗಿ ಹಿಡಿದಿದೆ! ಪಾರಸಿಯ 'ರಾಹ್' ಎಂದರೆ ದಾರಿ. ರಹದಾರಿ ದಾರಿಯ ಮೇಲಿನ ಅಪ್ಪಣೆ. ಬೇಲಿಯೊಳಗಿನ ಖಾಸಗಿ ಬಯಲು ಯಾರ ದಾರಿಯೂ ಅಲ್ಲ. ಅದೇ ಹುಡುಗ ಅದೇ ಬೈಕನ್ನು ಬೇಲಿಯಾಚೆ ರಸ್ತೆಗಿಳಿಸಿದರೆ, 2019ರ ತಿದ್ದುಪಡಿಯಂತೆ ಅವನ ತಂದೆಗೆ ಮೂರು ವರ್ಷದವರೆಗೆ ಸೆರೆ ಮತ್ತು 25,000 ರೂಪಾಯಿ ದಂಡವಾಗಬಹುದು. ಹುಡುಗನಿಗೆ 25 ತುಂಬುವ ತನಕ ಲೈಸೆನ್ಸಿನ ಯೋಗ್ಯತೆಯೇ ಇಲ್ಲ.

ಆದರೆ ಮೇಜಿನೆದುರು ನಿಂತಿದ್ದಾಗ ಇದೊಂದೂ ನನಗೆ ತಿಳಿದಿರಲಿಲ್ಲ. ವಯಸ್ಸಿನ ದಾಖಲೆ, ವೈದ್ಯರ ಪತ್ರ, ರಕ್ತದ ಗುಂಪು ಎಲ್ಲವೂ ಸರಿಯಿದ್ದವು. ಪೋಷಕರ ಒಪ್ಪಿಗೆಯ ಹಾಳೆ ಮುಂದೆ ಬಂದೊಡನೆ ನಾನು ಪೆನ್ನಿನ ಟೊಪ್ಪಿ ತೆಗೆದೆ. ಸಾವಿರಾರು ವಿದ್ಯಾರ್ಥಿಗಳ ಅಂಕಪಟ್ಟಿಯ ನಕಲುಗಳಿಗೆ ಸಹಿ ಮಾಡಿದ ಕೈಯಲ್ಲವೆ!

"ಹುಡುಗನಿಗೆ ನೀವೇನಾಗಬೇಕು ಸರ್?" ಎಂದಳು ಮೇಜಿನ ಹಿಂದಿದ್ದ ಹೆಣ್ಣುಮಗಳು.

"ಅಜ್ಜ."

"ಕ್ಷಮಿಸಿ. ತಂದೆ ಅಥವಾ ತಾಯಿಯೇ ಬರಬೇಕು."

ಮೊದಲು ಮುಖ ಬಿಸಿಯಾಯಿತು. ಅನಂತರ, ಸಹಿ ಮಾಡಲು ಹೊರಟಿದ್ದ ಹಾಳೆಯನ್ನು ಓದಿದೆ. ಓದದೆಯೇ ಪೆನ್ನು ತೆಗೆದಿದ್ದೆನಲ್ಲ! ಪ್ರಾಣಾಪಾಯ ಉಂಟಾಗಬಹುದೆಂಬುದನ್ನು ತಿಳಿದೇ ಒಪ್ಪಿದ್ದೇನೆ ಎಂದು ಅದರಲ್ಲಿತ್ತು. 2023ರ ಆಗಸ್ಟ್ 5ರಂದು ಚೆನ್ನೈ ಬಳಿಯ ಟ್ರ್ಯಾಕಿನಲ್ಲಿ, ರಾಷ್ಟ್ರೀಯ ಪಂದ್ಯದಲ್ಲಿ, ಬೆಂಗಳೂರಿನ 13 ವರ್ಷದ ಸವಾರನೊಬ್ಬ ಬಿದ್ದು ತೀರಿಕೊಂಡದ್ದು ನೆನಪಾಯಿತು. ಅದು ಡಾಂಬರಿನ ಟ್ರ್ಯಾಕು. ಅಲ್ಲಿಯೂ ಯಾರೋ ತಂದೆತಾಯಿ ಇಂಥದೇ ಹಾಳೆಗೆ ಸಹಿ ಮಾಡಿದ್ದಿರಬೇಕು. ಆ ಹೆಣ್ಣುಮಗಳು ನನ್ನ ಪೆನ್ನನ್ನು ತಡೆದದ್ದು ಒಳ್ಳೆಯದಾಯಿತು. ಸರ್ಕಾರದ ರಹದಾರಿ ನಿಂತುಹೋಗುವ ಕಡೆ ಉಳಿಯುವುದು ಈ ಮೇಜೊಂದೇ. ಮೇಜೇ ಇಲ್ಲದೆ, ಕಾಸು ಕೊಟ್ಟವನನ್ನೆಲ್ಲ ಗೆರೆಯ ಮೇಲೆ ನಿಲ್ಲಿಸುವ ಪಂದ್ಯಕ್ಕೆ ನಮ್ಮ ಮಕ್ಕಳನ್ನು ಕಳುಹಿಸಬಾರದೆಂಬುದೇ ನನ್ನ ಅಭಿಮತ.

ಫೋನು ಮಾಡಿದೆವು. ಹುಡುಗನ ತಂದೆ ಪಕ್ಕದ ತಾಲ್ಲೂಕಿನಿಂದ ಸ್ಕೂಟರಿನಲ್ಲಿ ಬಂದ. ಬೆವರು ಒರೆಸಿಕೊಳ್ಳುತ್ತ ಹಾಳೆಯನ್ನು ಎರಡು ಬಾರಿ ಓದಿದ.

"ಏನು ಮಾಡಲಿ ಮಾವ?"

ನಾನು ಉತ್ತರ ಕೊಡಲಿಲ್ಲ. ಅವನು ಮಗನಿಗೆ ಹೆಲ್ಮೆಟ್ ಹಾಕಿಸಿ, ಗಲ್ಲದ ಪಟ್ಟಿಯನ್ನು ತಾನೇ ಬಿಗಿದು, ಎಳೆದು ನೋಡಿ, ಆಮೇಲೆ ಸಹಿ ಮಾಡಿದ.

ಹುಡುಗ ಏಳನೆಯವನಾಗಿ ಬಂದ. ಸಂಜೆ ಅವನ ಬೈಕನ್ನು ಪಿಕಪ್ಪಿಗೆ ಹಗ್ಗದಿಂದ ಬಿಗಿದರು. ಮೈತುಂಬ ಕೆಸರಾಗಿದ್ದ ಅವನು ಅಪ್ಪನ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕುಳಿತು ಮನೆಗೆ ಹೋದ.